ಸ್ಟೆಪ್ನಿ

ಇದು ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತಿದ್ದಾಗ ಓದಿ.

ಹೋದ ವಾರ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಹುಡುಗನನ್ನ ಎಲ್ಲರೂ ಸೇರಿ ಬೈದಿರಿ. ಬೆಂಗಳೂರಿನಲ್ಲಿ ರೂಮು ಸಿಗಲಿಲ್ಲ ಅಂತ ಬೇರೆ ಜಾತಿ ಹೇಳಿ ಬಾಡಿಗೆಗೆ ಹೋಗಿದ್ದೇನೆ ಅಂತ ಅವನೇ ಬರೆದುಕೊಂಡಿದ್ದ. "ಬಾಬಾಸಾಹೇಬರಿಗೆ ಮಾಡಿದ ದ್ರೋಹ" ಅಂದ್ರು ಒಬ್ಬರು. "ನಿನ್ನಂಥವರಿಂದಲೇ ಸಮುದಾಯ ಹಿಂದೆ ಬಿದ್ದಿದೆ" ಅಂದ್ರು ಇನ್ನೊಬ್ಬರು. ಹುಡುಗ ರಾತ್ರಿ ಗ್ರೂಪು ಬಿಟ್ಟು ಹೋದ. ನಾನು ಏನೂ ಬರೆಯಲಿಲ್ಲ. ಬರೆಯಬೇಕಿತ್ತು. ಈಗ ಬರೀತಿದ್ದೇನೆ.

ಇದಕ್ಕೆ ಒಂದು ಬೈಕ್ ಪ್ರಯಾಣದ ಕಥೆ ಹೇಳಬೇಕು.

2019ರ ಜನವರಿ. 12 ಎರಡನೇ ಶನಿವಾರ, 13 ಭಾನುವಾರ. ಶುಕ್ರವಾರಕ್ಕೆ ಒಂದು ಸಿಎಲ್ ಹಾಕಿದೆ. ಹೊಸಪೇಟೆ ಆಗ ಇನ್ನೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಜೊತೆಗೆ ಬಂದವನು ನನ್ನ ಗೆಳೆಯ. ಹೆಸರು ಬೇಡ ಅಂದಿದ್ದಾನೆ, ಹಾಗಾಗಿ ಡ್ರೈವರ್ ಅಂತಲೇ ಕರೀತೀನಿ. ಸಂಡೂರಿನ ಕಡೆಯವನು. ಮೈನಿಂಗ್ ಜೋರಿದ್ದ ಕಾಲದಲ್ಲಿ ಅದಿರು ಲಾರಿ ಓಡಿಸ್ತಿದ್ದ. ಸಂಡೂರಿನಿಂದ ಬೇಲೆಕೇರಿ ಬಂದರಿಗೆ, ಅರೆಬೈಲ್ ಘಾಟ್ ಇಳಿದು, ಅದಿರು ಇಳಿಸಿ, ಮತ್ತೆ ವಾಪಸ್. ಆಮೇಲೆ ಸಾಲ ಮಾಡಿ ಸ್ವಂತ ಲಾರಿ ತಗೊಂಡ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಗಣಿ ಧಣಿಗಳ ಸುದ್ದಿ ಟಿವಿಯಲ್ಲಿ ಬಂತು. ಕಂತು ಕಟ್ಟೋಕಾಗದೆ ಲಾರಿ ಕಳಕೊಂಡ ಇವನಂಥವರ ಸುದ್ದಿ ಎಲ್ಲೂ ಬರಲಿಲ್ಲ. ಆಮೇಲೆ ಹಂಪಿಯಲ್ಲಿ ಆಟೋ ಹಿಡಿದ.

ಹಂಪಿಗೆ ಬೆಂಗಳೂರಿನಿಂದ ದೊಡ್ಡ ದೊಡ್ಡ ಬೈಕಿನವರು ಬರ್ತಾರಲ್ಲ, ಎರಡೂ ಕಡೆ ಪೆಟ್ಟಿಗೆ ಕಟ್ಟಿಕೊಂಡು, ಮೊಣಕಾಲಿಗೆ ಗಾರ್ಡ್ ಹಾಕ್ಕೊಂಡು. ಅವರಲ್ಲೊಬ್ಬ ಇವನಿಗೆ ಲಡಾಖ್‌ಗೆ ಹೋಗಿಬಂದ ಫೋಟೋ ತೋರಿಸಿದ್ದನಂತೆ. ಅದಾದ ಮೇಲೆ ಇವನಿಗೆ ಒಂದೇ ಹಠ.

"ಅಣ್ಣಾ, ನಾವೂ ಒಂದ್ ಸಲ ಬೈಕಿನ್ಯಾಗ ಉತ್ತರಕ್ಕ ಹೋಗಾನು."

"ಲಡಾಖ್‌ಗೆ ರೊಕ್ಕ ಯಾರಪ್ಪಂದು?"

"ಆ ಉತ್ತರ ಬ್ಯಾಡ. ನಮ್ ಉತ್ತರಕ್ಕ ಹೋಗಾನು. ಅಶೋಕನ ಕಲ್ಲು ಅದಾವ ಅಂತಿಯಲ್ಲ, ಅವನ್ನ ನೋಡ್ಕಂತ ಹೋಗಾನು."

ಇದಕ್ಕೂ ಕಾರಣ ಇತ್ತು. ಯಾರೋ ವಿದೇಶಿ ಹೆಂಗಸು ಆಟೋ ಹತ್ತಿ, ಇಲ್ಲಿ ಹತ್ತಿರದಲ್ಲಿ ಅಶೋಕನ ಶಾಸನ ಎಲ್ಲಿದೆ ಅಂತ ಕೇಳಿದ್ದಳು. ಕೃಷ್ಣದೇವರಾಯನ ವಂಶವೆಲ್ಲ ಬಾಯಿಪಾಠ ಹೇಳೋ ಇವನಿಗೆ ಉತ್ತರ ಗೊತ್ತಿರಲಿಲ್ಲ. ಕೊಪ್ಪಳದಲ್ಲೇ ಗವಿಮಠದ ಹತ್ತಿರ ಒಂದು, ಪಾಲ್ಕಿಗುಂಡಿನಲ್ಲಿ ಒಂದು ಇವೆ ಅಂತ ನಾನು ಹೇಳಿದಾಗ ಅವನಿಗೆ ಅವಮಾನ ಆದಂಗಾಯ್ತು. "ಇಷ್ಟ್ ಹತ್ರ ಇಟ್ಕಂಡು ನಮಗ್ಯಾರೂ ಹೇಳಿಲ್ಲ ನೋಡು" ಅಂದ.

ಗಾಡಿ ಅವನದೇ, ಹಳೇ ಸ್ಪ್ಲೆಂಡರ್. ಬೆಳಗ್ಗೆ ಐದೂವರೆಗೆ ಹೊಸಪೇಟೆ ಬಿಟ್ಟೆವು. ಕಂಪ್ಲಿ ತಲುಪೋ ಹೊತ್ತಿಗೆ ಬೆಳಕು ಹರೀತಿತ್ತು. ಹೊಳೆ ಕಡೆಯಿಂದ ಬರೋ ಥಂಡಿಗೆ ಕೈ ಮರಗಟ್ಟಿತ್ತು. ಅಲ್ಲೊಂದು ಇಡ್ಲಿ ಅಂಗಡಿಯಲ್ಲಿ ತಿಂದು, ಎಡಕ್ಕೆ ಬಲಕ್ಕೆ ಗದ್ದೆ ನೋಡ್ತಾ ತೆಕ್ಕಲಕೋಟೆ ಕಡೆ ಹೊರಟೆವು.

ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮಿಬ್ಬರಲ್ಲಿ ಅವನು ಎಡಗೈ, ನಾನು ಬಲಗೈ. ಅವನು ಮಾದಿಗ, ನಾನು ಹೊಲೆಯ. ವೇದಿಕೆ ಮೇಲೆ ಇದಕ್ಕೆ ನಮ್ಮವರು ಎಷ್ಟು ಜಗಳ ಆಡ್ತಾರೆ ನಿಮಗೇ ಗೊತ್ತು. ಡ್ರೈವರಿನ ಲೆಕ್ಕ ಸುಲಭ: "ಎಡಗೈಯಾಗ ಕ್ಲಚ್ಚು, ಬಲಗೈಯಾಗ ಎಕ್ಸಲೇಟರು. ಒಂದ್ ಬಿಟ್ಟು ಒಂದ್ ಹಿಡದ್ರ ಗಾಡಿ ಮುಂದಕ್ಕ ಹೋಗಲ್ಲ ಅಣ್ಣಾ."

ನಿಟ್ಟೂರು, ಉಡೇಗೋಳ ಎರಡೂ ಸಿರುಗುಪ್ಪ ತಾಲೂಕಿನ ಊರುಗಳು. ಬಂಡೆ ಹುಡುಕೋಕೆ ಊರವರನ್ನ ಕೇಳಬೇಕಾಯ್ತು. ಒಬ್ಬ ಅಜ್ಜ "ಬರದಿದ್ ಕಲ್ಲಾ?" ಅಂತ ಕೇಳಿ ಕೈ ತೋರಿಸಿದ. ಹೋಗಿ ನೋಡಿದ್ರೆ ಬಂಡೆ ಮೇಲೆ ಗೀರಿದಂಗೆ ಸಣ್ಣ ಸಣ್ಣ ಅಕ್ಷರ. ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಕಾಣ್ತವೆ. ಡ್ರೈವರ್ ಪೆಚ್ಚಾದ. "ಇಷ್ಟೇನಾ?" ಅಂದ. ಹಂಪಿಯ ಕಲ್ಲಿನ ರಥ ದಿನಾ ನೋಡೋನಿಗೆ ಇದು ಏನೂ ಅಲ್ಲ ಅನ್ನಿಸಿರಬೇಕು.

ನಾನು ಹೇಳಿದೆ: ದೇಶದ ತುಂಬ ಇರೋ ಶಾಸನಗಳಲ್ಲಿ ಆ ರಾಜ ತನ್ನನ್ನ "ದೇವಾನಾಂಪ್ರಿಯ", "ಪ್ರಿಯದರ್ಶಿ" ಅಂತ ಬಿರುದಿನಿಂದಲೇ ಕರೆದುಕೊಂಡಿದ್ದಾನೆ. ಅಶೋಕ ಅನ್ನೋ ಹೆಸರು ಇರೋದು ಬೆರಳೆಣಿಕೆಯ ಕಡೆ ಮಾತ್ರ. ಮಸ್ಕಿ, ನಿಟ್ಟೂರು, ಉಡೇಗೋಳ ನಮ್ಮವು. ಮಧ್ಯಪ್ರದೇಶದ ಗುಜರ್ರಾ ಇನ್ನೊಂದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ ಮೇಲೂ ಈ ಪ್ರಿಯದರ್ಶಿಯೇ ಅಶೋಕ ಅನ್ನೋದಕ್ಕೆ ಕಲ್ಲಿನ ಸಾಕ್ಷಿ ಇರಲಿಲ್ಲ. 1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿಯ ಇಂಜಿನಿಯರ್ ಮಸ್ಕಿಯಲ್ಲಿ ಶಾಸನ ಕಂಡ. ಅದರಲ್ಲಿ ಹೆಸರು ಇತ್ತು.

"ಅಂದ್ರ ಅವ ತನ್ ಹೆಸರು ನಮ್ ಕಡೀಗೆ ಬಂದು ಹೇಳ್ಯಾನ" ಅಂದ ಡ್ರೈವರ್. ಈಗ ಮುಖ ಅರಳಿತ್ತು.

ಸಿರುಗುಪ್ಪ ದಾಟಿ, ದಢೇಸೂಗೂರಿನ ಹತ್ತಿರ ತುಂಗಭದ್ರೆ ದಾಟಿ, ಸಿಂಧನೂರಿಗೆ ಬಂದೆವು. ರಸ್ತೆ ಮೇಲೆ ಭತ್ತ ಒಣಹಾಕಿದ್ರು. ಸಿಂಧನೂರು ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಒಂದು ಊರು. ಹೆಸರು ಬೇಡ. ಬೇವಿನ ಮರದ ಕೆಳಗೆ ಚಾ ಅಂಗಡಿ. ಅಂಗಡಿಯ ಯಜಮಾನ ವಯಸ್ಸಾದವನು, ಮಾತಿನವನು.

"ಯಾವೂರಾತು?"

"ಹೊಸಪೇಟಿ ರೀ."

"ದೂರಿಂದ ಬಂದೀರಿ. ಯಾರ ಪೈಕಿ?"

ನಾನು ಬಾಯಿ ತೆಗೆಯೋ ಮುಂಚೆ ಡ್ರೈವರ್ ಉತ್ತರ ಕೊಟ್ಟ. ಯಾವುದೋ ಒಂದು ಮೇಲ್ಜಾತಿಯ ಹೆಸರು. ಯಾವುದು ಅನ್ನೋದು ಮುಖ್ಯ ಅಲ್ಲ. ಕಣ್ಣು ಮಿಟುಕಿಸದೆ, ಊರ ಹೆಸರು ಹೇಳಿದಷ್ಟೇ ಸಲೀಸಾಗಿ ಹೇಳಿದ. ಅಂಗಡಿಯವನು ಬೆಂಚು ಒರೆಸಿ ಕೂರಿಸಿದ. ಸ್ಟೀಲಿನ ಲೋಟದಲ್ಲಿ ನೀರು, ಗಾಜಿನ ಗ್ಲಾಸಿನಲ್ಲಿ ಚಾ. "ಇನ್ನೊಂಚೂರು ಹಾಕ್ಲ್ಯಾ?" ಅಂತ ಉಪಚಾರ ಬೇರೆ.

ನನಗೆ ಆ ಚಾ ಗಂಟಲಲ್ಲಿ ಇಳಿಯಲಿಲ್ಲ.

ಮಸ್ಕಿವರೆಗೂ ನಾನು ಮಾತಾಡಲಿಲ್ಲ. ಗುಡ್ಡ ಹತ್ತುವಾಗ ತಡಕೊಳ್ಳೋಕೆ ಆಗಲಿಲ್ಲ. ಇಪ್ಪತ್ತು ವರ್ಷದಿಂದ ಸಂಘಟನೆಯಲ್ಲಿ ಇರೋನು ನಾನು. ಅಂಬೇಡ್ಕರ್ ಜಯಂತಿಗೆ ಭಾಷಣ ಮಾಡೋನು. ಬೈದೆ. ನಾಚಿಕೆ ಆಗಲ್ವಾ, ಸಂವಿಧಾನದ 17ನೇ ವಿಧಿ ಯಾಕಿದೆ, ನಮ್ಮ ಹಿರಿಯರು ಯಾಕೆ ಒದೆ ತಿಂದ್ರು, ಎಲ್ಲಾ ಹೇಳಿದೆ. ಅವನು ಕಲ್ಲಿನ ಮೇಲೆ ಕೂತು ಕೇಳಿದ. ಆಮೇಲೆ ಮೆಲ್ಲಕೆ ಹೇಳಿದ:

"ಮುಗೀತಾ ಅಣ್ಣಾ? ನಿಂಗ ಸಂಬಳ ಐತಿ, ಟೇಬಲ್ ಐತಿ, ಸಂಘಟನಿ ಐತಿ. ನಂಗ ಹದಿನೈದು ವರ್ಷ ಬರೇ ರೋಡಿತ್ತು. ರಾತ್ರಿ ಎರಡು ಗಂಟಿಗೆ ಗೊತ್ತಿಲ್ಲದ ಊರಾಗ ಲಾರಿ ಕೆಟ್ಟು ನಿಂತ್ರ, ಒಬ್ಬನ ಇದ್ರ, ನೀರು ಕೇಳಾಕ ಹೋದಾಗ ಯಾರ ಪೈಕಿ ಅಂದ್ರ, ಅಲ್ಲಿಗೆ ಕೇಸ್ ಹಾಕಾಕ ಬರ್ತಿದ್ಯಾ ನೀನು? ಲಾರಿಗೆ ಸ್ಟೆಪ್ನಿ ಇದ್ದಂಗ ಅಣ್ಣಾ ಅದು. ನಂದೊಂದು ಟೈರು ಪಂಚರ್ ಆದ್ರ ಅದನ್ನ ಹಾಕ್ಕಂಡು ಮನಿ ಮುಟ್ಟಬೇಕು. ದಿನಾ ಅದ್ರ ಮ್ಯಾಲೆ ಓಡ್ಸಲ್ಲ ನಾನು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಟ್ಟು ಮಾತ್ರ ಇತ್ತು.

ಶಾಸನದ ಮುಂದೆ ನಿಂತು, ಪ್ರಿಂಟ್ ತೆಗೆದು ತಂದಿದ್ದ ಕಾಗದದಿಂದ ಅರ್ಥ ಓದಿ ಹೇಳಿದೆ. ರಾಜ ಹೇಳೋದು ಇಷ್ಟು: ನಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯ್ತು, ಧರ್ಮದ ಹಾದಿಯ ಫಲ ದೊಡ್ಡವರಿಗೆ ಮಾತ್ರ ಅಂತ ತಿಳಿಯಬಾರದು, ಸಣ್ಣವನೂ ಪಟ್ಟು ಹಿಡಿದು ನಡೆದರೆ ಅವನಿಗೂ ಸಿಗ್ತದೆ, ಇದನ್ನ ಸಣ್ಣವರಿಗೂ ದೊಡ್ಡವರಿಗೂ ತಿಳಿಸಿ ಹೇಳಬೇಕು. ಸಭೆಗಳಲ್ಲಿ ನಾನು ಇದನ್ನ ಎಷ್ಟು ಸಲ ಹೇಳಿದ್ದೇನೋ. ಜನ ಚಪ್ಪಾಳೆ ತಟ್ಟಿದ್ದಾರೆ.

ಡ್ರೈವರ್ ಚಪ್ಪಾಳೆ ತಟ್ಟಲಿಲ್ಲ. "ಸಣ್ಣೋರಿಗೂ ಸಿಗತೈತಿ ಅಂತ ರಾಜನ ಕಲ್ಲಿನ ಮ್ಯಾಲೆ ಬರಿಸ್ಬೇಕಾತು ಅಂದ್ರ, ಸಿಗಲ್ಲ ಅನ್ನೋರು ಆಗ್ಲೂ ಇದ್ರು ಅಂದಂಗಾತು" ಅಂದ.

ಎರಡು ಸಾವಿರದ ಇನ್ನೂರು ವರ್ಷದ ಹಿಂದಿನ ಮಾತು. ಬಿಎ ಓದಿದ ನನಗೆ ಇದು ಹೊಳೆದಿರಲಿಲ್ಲ.

ಆ ರಾತ್ರಿ ಲಿಂಗಸುಗೂರಿನ ಲಾಡ್ಜಿನಲ್ಲಿ ಮಲಗಿದ್ದೆವು. ಅವನು ಗೋಡೆ ಕಡೆ ತಿರುಗಿದ್ದ. ನನಗೆ ನಿದ್ದೆ ಬರಲಿಲ್ಲ. ಎದ್ದು ಕೂತು, ಯಾರಿಗೂ ಹೇಳದ ಮಾತು ಅವನಿಗೆ ಹೇಳಿದೆ. ಇವತ್ತು ನಿಮಗೂ ಹೇಳ್ತಿದ್ದೇನೆ.

ಕೆಲಸ ಸಿಕ್ಕ ಹೊಸದರಲ್ಲಿ ನಾನೂ ಸುಳ್ಳು ಹೇಳಿ ಬಾಡಿಗೆ ಮನೆಯಲ್ಲಿದ್ದೆ. ನಾಲ್ಕು ಮನೆಯಲ್ಲಿ "ನಮ್ಮವರಿಗೇ ಕೊಡೋದು" ಅಂದಿದ್ರು. ಐದನೇ ಮನೆಯಲ್ಲಿ ಕೇಳಿದಾಗ ಬಾಯಿಂದ ಬೇರೆ ಹೆಸರು ಬಂತು. ಹನ್ನೊಂದು ತಿಂಗಳು ಅಲ್ಲಿದ್ದೆ. ಬಾಬಾಸಾಹೇಬರ ಫೋಟೋ ಟ್ರಂಕಿನಲ್ಲಿ ಬಟ್ಟೆ ಕೆಳಗೆ ಇತ್ತು. ಆ ಮನೆಯ ಅಮ್ಮ ಒಳ್ಳೆಯವರು. ಹಬ್ಬಕ್ಕೆ ಹೋಳಿಗೆ ಕೊಡ್ತಿದ್ರು, ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟರು. ಅವರು ಒಳ್ಳೆಯವರಾದಷ್ಟೂ ನನಗೆ ಹೆದರಿಕೆ ಹೆಚ್ಚಾಗ್ತಿತ್ತು. ನಮ್ಮವ್ವ ಊರಿಂದ ನೋಡೋಕೆ ಬರ್ತೀನಿ ಅಂದಾಗ ಬರಬೇಡ ಅಂದೆ. ಅವಳ ಮಾತು, ಅವಳು ಸೀರೆ ಉಡೋ ರೀತಿ ನೋಡಿ ಗೊತ್ತಾಗ್ತದೆ ಅಂತ. ಯಾಕೆ ಅಂತ ಅವ್ವ ಕೇಳಲಿಲ್ಲ. ಅವಳಿಗೆ ಅರ್ಥ ಆಗಿತ್ತು. ಜಾತಿ ಬಗ್ಗೆ ಹೇಳಿದ ಸುಳ್ಳಿಗೆ ನನಗೆ ಅಷ್ಟು ನೋವಿಲ್ಲ. ಅವ್ವನಿಗೆ ಬರಬೇಡ ಅಂದಿದ್ದು ಇವತ್ತಿಗೂ ಚುಚ್ಚುತ್ತದೆ.

ಡ್ರೈವರ್ ಸುಮಾರು ಹೊತ್ತು ಸುಮ್ಮನಿದ್ದ. "ಮಸ್ಕ್ಯಾಗ ಇದನ್ನ ಹೇಳಿದ್ರ ನಾನು ಅಷ್ಟು ಮಾತಾಡ್ತಿದ್ದಿಲ್ಲ ನೋಡು" ಅಂದ. ಎದ್ದು ನನಗೆ ನೀರಿನ ಬಾಟಲಿ ಕೊಟ್ಟ.

ಮಾರನೇ ದಿನ ತಿಂಥಣಿ ಸೇತುವೆ ಮೇಲೆ ಕೃಷ್ಣೆ ದಾಟಿದೆವು. ಸುರಪುರ ಆಯ್ತು, ಶಹಾಪುರ ಬಂತು. ಶಹಾಪುರದ ಬೆಟ್ಟಸಾಲು ದೂರದಿಂದ ನೋಡಿದ್ರೆ ಬುದ್ಧ ಮಲಗಿದಂಗೆ ಕಾಣ್ತದೆ. ಹಣೆ, ಮೂಗು, ಎದೆ, ಕಾಲು. ಗಾಡಿ ನಿಲ್ಲಿಸಿ ಇಬ್ಬರೂ ನೋಡಿದೆವು. ಆ ಸೀಮೆಯ ರಸ್ತೆಗಳು ನಮ್ಮ ಸೊಂಟ ಮುರಿದವು. ಮರ ಇಲ್ಲ, ನೆರಳಿಲ್ಲ. ಹತ್ತಿ ಹೊಲ, ಜೋಳ, ಕಣದಲ್ಲಿ ತೊಗರಿ. ಹಳ್ಳಿ ಹಳ್ಳಿಯಲ್ಲಿ ಬಾಗಿಲಿಗೆ ಬೀಗ ಹಾಕಿದ ಮನೆಗಳು. ಊರಿಗೆ ಊರೇ ದುಡಿಯೋಕೆ ಪುಣೆಗೋ ಬೆಂಗಳೂರಿಗೋ ಹೋಗಿರ್ತದೆ. ಹೋದವರು ಯಾರು ಅಂತ ಕೇಳಬೇಕಿಲ್ಲ.

ಸನ್ನತಿ ಇರೋದು ಭೀಮಾ ನದಿ ದಂಡೆಯಲ್ಲಿ. ಅಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಒಂದು ಕಾಳಿ ಗುಡಿ. 1986ರಲ್ಲಿ ಅದರ ಛಾವಣಿ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನ ಅಂತ ಗೊತ್ತಾಯ್ತು. ಮೂರ್ತಿ ಕೂರಿಸೋಕೆ ಅಂತ ನಡುವೆ ತೂತು ಕೊರೆದಿದ್ದಾರೆ. ಅಲ್ಲಿದ್ದ ಅಕ್ಷರ ಹೋಗಿವೆ. ಎಲ್ಲ ಪಂಥದವರೂ ಒಬ್ಬರನ್ನೊಬ್ಬರು ಗೌರವಿಸಬೇಕು, ಇನ್ನೊಬ್ಬರ ಧರ್ಮವನ್ನ ಹೀಗಳೆಯಬಾರದು ಅನ್ನೋ ಹನ್ನೆರಡನೇ ಶಾಸನ ಇರೋದು ಅದೇ ಕಲ್ಲಿನಲ್ಲಿ.

ಹತ್ತಿರದ ಕನಗನಹಳ್ಳಿಯಲ್ಲಿ ಸ್ತೂಪ. 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದು ತೆಗೆದದ್ದು. ನಾವು ಹೋದಾಗ ಇನ್ನೂ ಜೋಡಿಸಿರಲಿಲ್ಲ. ಬಿಡಿ ಬಿಡಿ ಚಪ್ಪಡಿಗಳು. ಅದರಲ್ಲೊಂದು ಕಲ್ಲಿನಲ್ಲಿ ರಾಜ, ಪಕ್ಕದಲ್ಲಿ ರಾಣಿ, ಸೇವಕಿಯರು. ಮೇಲೆ ಬ್ರಾಹ್ಮಿಯಲ್ಲಿ "ರಾಯ ಅಸೋಕೋ". ಇನ್ನೂ ಎಷ್ಟೋ ಕಲ್ಲುಗಳಲ್ಲಿ ಅವನ್ನ ದಾನ ಕೊಟ್ಟವರ ಹೆಸರುಗಳಿವೆ. ರಾಜರಲ್ಲ, ಸಾಮಾನ್ಯ ಜನ, ಭಿಕ್ಷುಣಿಯರು.

ನಾನು ಡ್ರೈವರಿಗೆ ಚಪಡನ ಕಥೆ ಹೇಳಿದೆ. ನಮ್ಮ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲೂ ಅಶೋಕನ ಶಾಸನ ಇದೆ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚಿದ್ದು. ಅದರ ಕೊನೆಗೆ ಅದನ್ನ ಬರೆದ ಲಿಪಿಕಾರ ಚಪಡ ಅಂತ ತನ್ನ ಹೆಸರು ಹಾಕಿದ್ದಾನೆ. ರಾಜನ ಮಾತು ನಕಲು ಮಾಡೋ ಗುಮಾಸ್ತ ಅವನು. ನನ್ನ ಕೆಲಸವೂ ಅದೇ. ದಿನಕ್ಕೆ ಐವತ್ತು ಕಾಗದ ಟೈಪ್ ಮಾಡ್ತೀನಿ, ಒಂದರಲ್ಲೂ ನನ್ನ ಹೆಸರಿರಲ್ಲ.

"ನೀನೂ ಹಾಕಬೇಕಿತ್ತು, ಆ ಬಾಡಿಗಿ ಮನಿ ಬಾಗಿಲಿಗೆ" ಅಂದ ಡ್ರೈವರ್. ಇಬ್ಬರೂ ನಕ್ಕೆವು. ನಗು ಬಂದಿದ್ದು ಒಳ್ಳೇದಾಯ್ತು.

ಸಂಜೆ ಕಲಬುರಗಿಯ ಬುದ್ಧ ವಿಹಾರದಲ್ಲಿ ಸುಮ್ಮನೆ ಕೂತಿದ್ದೆವು. ಅಲ್ಲಿ ಯಾರೂ ಯಾರ ಪೈಕಿ ಅಂತ ಕೇಳಲಿಲ್ಲ. ನಮ್ಮವರೇ ಕಟ್ಟಿದ ಜಾಗದಲ್ಲಿ ಕಾಲು ಚಾಚಿ ಕೂರೋ ಸುಖ ಬೇರೆ.

ಭಾನುವಾರ ವಾಪಸ್. ಅದೇ ರಸ್ತೆ. ಮಸ್ಕಿ ದಾಟಿದ ಮೇಲೆ ಇಬ್ಬರಿಗೂ ಅದೇ ಯೋಚನೆ, ಆದ್ರೆ ಯಾರೂ ಬಾಯಿ ಬಿಡಲಿಲ್ಲ. ಬೇವಿನ ಮರ ಕಂಡಾಗ ಡ್ರೈವರ್ ತಾನೇ ಗಾಡಿ ನಿಧಾನ ಮಾಡಿದ.

"ಇಳಿ. ನಾನು ಗಾಡಿ ಚಾಲೂನೇ ಇಟ್ಕಂಡಿರ್ತೀನಿ" ಅಂದ. ತಮಾಷೆ ಅಲ್ಲ, ನಿಜವಾಗಿ ಹೇಳಿದ.

ಅಂಗಡಿಯವನಿಗೆ ಗುರುತು ಸಿಕ್ಕಿತು. "ಬಂದ್ರ್ಯಾ? ಕುಂಡ್ರಿ ಕುಂಡ್ರಿ" ಅಂದ. ನಾನು ನಿಂತೇ ಹೇಳಿದೆ: "ಯಜಮಾನ್ರ, ಮೊನ್ನೆ ನಾವು ಸುಳ್ಳು ಹೇಳಿದ್ವಿ. ನಾವು ಎಸ್ಸಿ."

ಆಫೀಸಿನ ಶಬ್ದ ಅದು. ಫಾರಂನಲ್ಲಿ ತುಂಬೋ ಶಬ್ದ. ಅಲ್ಲೂ ನಾನು ಅರ್ಧವೇ ಹೇಳಿದ್ದೆ. ಹಿಂದಿನಿಂದ ಎಂಜಿನ್ ಆಫ್ ಆಯ್ತು. ಡ್ರೈವರ್ ಜೋರಾಗಿ ಹೇಳಿದ: "ಅವ್ರು ಹೊಲೇರು, ನಾನು ಮಾದಿಗ. ಎರಡು ಚಾ ಕೊಡ್ರಿ."

ಸೌಟು ಹಿಡಿದ ಕೈ ಒಂದು ಕ್ಷಣ ನಿಂತಿತು. ಅವನು ಬೈಯಲಿಲ್ಲ. ಮುಖ ತಿರುಗಿಸಲೂ ಇಲ್ಲ. "ಅದ್ಯಾಕ ಸುಳ್ಳು ಹೇಳ್ಬೇಕಿತ್ತು" ಅಂತ ಗೊಣಗಿದ. ಚಾ ಸೋಸಿದ. ಎರಡು ಪೇಪರ್ ಕಪ್ಪಿಗೆ.

ನಾನು ಸುತ್ತ ನೋಡಿದೆ. ಬೆಂಚಿನ ಮೇಲೆ ಇಬ್ಬರು, ಅವರ ಕೈಯಲ್ಲಿ ಗಾಜಿನ ಗ್ಲಾಸು. ಮರದ ಬುಡದ ಕಲ್ಲಿನ ಮೇಲೆ ಒಬ್ಬ, ಅವನ ಕೈಯಲ್ಲಿ ಪೇಪರ್ ಕಪ್ಪು. ಮೊದಲೆಲ್ಲ ಎರಡು ಥರದ ಗ್ಲಾಸು ಇರ್ತಿತ್ತು, ಫೋಟೋ ತೆಗೆದು ಠಾಣೆಗೆ ಹೋಗಬಹುದಿತ್ತು. ಪೇಪರ್ ಕಪ್ಪು ಬಂದ ಮೇಲೆ ಆ ಸಾಕ್ಷಿ ಹೋಯ್ತು. ಗ್ಲಾಸು ತೊಳೆದಿರಲಿಲ್ಲ ಅಂತ ಅವನು ಹೇಳಬಹುದು. ನಿಜವೂ ಇರಬಹುದು. ಯಾವ ಕಾನೂನಿನಲ್ಲಿ ಅದನ್ನ ಕೇಳೋದು?

ಕಲ್ಲಿನ ಮೇಲೆ ಕೂತಿದ್ದವನು ನಮ್ಮನ್ನೇ ನೋಡ್ತಿದ್ದ. ಏನೂ ಮಾತಾಡಲಿಲ್ಲ. ಸ್ವಲ್ಪ ಸರಿದು ಜಾಗ ಮಾಡಿದ. ನಾವು ಹೋಗಿ ಅವನ ಪಕ್ಕ ಕೂತೆವು. ಮೂವರೂ ಚಾ ಕುಡಿದೆವು. ರೊಕ್ಕ ಕೊಟ್ಟಾಗ ಅಂಗಡಿಯವನು ಅದನ್ನ ಮಾತ್ರ ಕೈಯಲ್ಲೇ ತಗೊಂಡ.

ರಾತ್ರಿ ಹತ್ತಕ್ಕೆ ಹೊಸಪೇಟೆ. ಮೂರು ದಿನದಲ್ಲಿ 700 ಕಿಲೋಮೀಟರ್ ಹತ್ತಿರ ಆಗಿತ್ತು. ಮನೆ ಮುಂದೆ ಇಳಿಸಿ ಡ್ರೈವರ್ ಹೇಳಿದ: "ಅಣ್ಣಾ, ಇವತ್ತು ಹೇಳಿದ್ದಕ್ಕ ಹಗುರಾತು. ಆದ್ರ ಹೆಂಡ್ತಿ ಮಕ್ಕಳು ಜೊತಿಗಿದ್ದು ರಾತ್ರಿ ಆದ್ರ ನಾನು ಸ್ಟೆಪ್ನಿ ಹಾಕ್ಕಂತೀನಿ. ಬೈಬ್ಯಾಡ." ನಾನು ಬೈಯಲಿಲ್ಲ. ಇವತ್ತಿನವರೆಗೂ ಬೈದಿಲ್ಲ.

ಗ್ರೂಪು ಬಿಟ್ಟು ಹೋದ ತಮ್ಮಾ, ಇದು ನಿನಗೆ ಬರೆದಿದ್ದು. ಅವತ್ತು ನಾನು ಹೆಸರು ಹೇಳೋಕೆ ಆಗಿದ್ದು ನನ್ನ ಹಿಂದೆ ಒಬ್ಬ ಗಾಡಿ ಚಾಲೂ ಇಟ್ಕೊಂಡು ನಿಂತಿದ್ದಕ್ಕೆ. ಹನ್ನೊಂದು ತಿಂಗಳು ಹೇಳದೆ ಇದ್ದದ್ದು ಯಾರೂ ಇಲ್ಲದ್ದಕ್ಕೆ. ನಿನ್ನ ಹಿಂದೆ ಯಾರಿದ್ದಾರೆ ಅಂತ ಕೇಳದೆ ನಾವು ನಿನ್ನನ್ನ ಬೈದೆವು. ತಪ್ಪು ನಮ್ಮದು.

ಹಿರಿಯರೇ, ಬೈದವರಲ್ಲಿ ಬೆಂಗಳೂರಿನಲ್ಲಿ ಸ್ವಂತ ಮನೆ ಇರೋರು ಮೂರು ನಾಲ್ಕು ಜನ ಇದ್ದೀರಿ. ಮೇಲಿನ ಒಂದು ರೂಮು ಖಾಲಿ ಇದ್ರೆ ಆ ಹುಡುಗನಿಗೆ ಫೋನ್ ಮಾಡಿ. ನಂಬರ್ ನನ್ನ ಹತ್ತಿರ ಇದೆ, ಇನ್‌ಬಾಕ್ಸ್‌ಗೆ ಬನ್ನಿ. ಅವನ ಟ್ರಂಕಿನಲ್ಲಿರೋ ಫೋಟೋ ಗೋಡೆಗೆ ಬರಲಿ. ಅವರವ್ವ ಬಂದು ನಾಲ್ಕು ದಿನ ಇದ್ದು ಹೋಗಲಿ.

ಜೈಭೀಮ್.